ನೇಕಾರರ ಊರು, ಪುಣೆಯ ಒಡೆಯರು

೨೦೧೨ನೆಯ ಇಸವಿಯ ಮೇ ೭ರ ಸಂಜೆ. ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಬ್ಲ್ಯಾಕ್‌ಬರ್ನ್ ಪಟ್ಟಣದಲ್ಲಿ, ಈವುಡ್ ಪಾರ್ಕ್ ಎಂಬ ಕ್ರೀಡಾಂಗಣದಲ್ಲಿ, ಫುಟ್‌ಬಾಲ್ ಪಂದ್ಯವೊಂದು ಆಗತಾನೆ ಮೊದಲಾಗಿತ್ತು. ಪ್ರೇಕ್ಷಕರ ನಡುವಿನಿಂದ ಒಂದು ಕೋಳಿ ಹಸುರು ಹಾಸಿನ ಮೇಲಕ್ಕೆ ಬಂದಿಳಿಯಿತು. ಅದರ ಮೈಗೆ ಊರಿನ ತಂಡವಾದ ಬ್ಲ್ಯಾಕ್‌ಬರ್ನ್ ರೋವರ್ಸಿನ ಬಾವುಟವನ್ನು ಹೊದಿಸಿದ್ದರು. ಆಟ ನಿಂತಿತು, ಕೋಳಿಯನ್ನು ಹಿಡಿದು ಹೊರಗೆ ಒಯ್ದರು, ಆಟ ಮತ್ತೆ ಸಾಗಿತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಎದುರಾಳಿ ವಿಗನ್ ತಂಡದವರು ಒಂದು ಗೋಲು ಹೊಡೆದರು. ಆ ಒಂದು ಗೋಲಿನಿಂದ ಪಂದ್ಯವೂ ಹೋಯಿತು. ಹನ್ನೊಂದು ವರ್ಷ ಬಿಡದೆ ಉಳಿಸಿಕೊಂಡು ಬಂದಿದ್ದ ಮೇಲಿನ ಶ್ರೇಣಿಯ ಸ್ಥಾನವೂ ಹೋಯಿತು.

ಕೋಳಿಯೇ ಏಕೆ? ಆ ತಂಡದ ಒಡೆಯರು ಇಂಗ್ಲೆಂಡಿನವರಲ್ಲ, ನಮ್ಮ ನೆರೆಯ ಪುಣೆಯವರು. ಕೋಳಿ ಸಾಕಣೆಯ ಉದ್ಯಮದಲ್ಲಿ ಭಾರತಕ್ಕೆಲ್ಲ ಹೆಸರಾದ ‘ವೆಂಕೀಸ್’ ಸಂಸ್ಥೆಯ ಮನೆತನದವರು. ಸಮುದ್ರದಾಚೆಯ ಒಡೆಯರಿಗೆ ತಮ್ಮ ಸಿಟ್ಟನ್ನು ಮುಟ್ಟಿಸಲು ಬೇರೆ ದಾರಿ ಕಾಣದ ಅಭಿಮಾನಿಗಳು ಕೋಳಿಯ ಕೈಯಲ್ಲೇ ಹೇಳಿ ಕಳುಹಿಸಿದರು.

ಹಣವಿಲ್ಲದೆ ತಂಡಗಳು ಮುಳುಗುವುದು ಲೋಕರೂಢಿ. ಹಣ ಸುರಿದ ಮೇಲೂ ತಂಡ ಮುಳುಗುವುದುಂಟೆ? ಬ್ಲ್ಯಾಕ್‌ಬರ್ನ್ ರೋವರ್ಸಿನ ಕಥೆ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಪಂಕ್ತಿಭೇದ

ಮೊದಲು ಈ ‘ಇಳಿಯುವ’ ಪದ್ಧತಿಯನ್ನು ತಿಳಿಯಬೇಕು. ಇಂಗ್ಲೆಂಡಿನ ವೃತ್ತಿನಿರತ ಫುಟ್‌ಬಾಲ್ ತಂಡಗಳು ತೊಂಬತ್ತೆರಡು. ಅವನ್ನು ನಾಲ್ಕು ಶ್ರೇಣಿಗಳಾಗಿ ವಿಂಗಡಿಸಿದ್ದಾರೆ. ಎಲ್ಲಕ್ಕೂ ಮೇಲಿನದು ಪ್ರೀಮಿಯರ್ ಲೀಗ್; ಅದರಲ್ಲಿ ಇಪ್ಪತ್ತು ತಂಡಗಳು. ಉಳಿದ ಮೂರು ಶ್ರೇಣಿಗಳಲ್ಲಿ ಇಪ್ಪತ್ತನಾಲ್ಕರಂತೆ ಉಳಿದ ತಂಡಗಳು. ಆಗಸ್ಟಿನಿಂದ ಮೇ ತಿಂಗಳವರೆಗೆ ಒಂದು ಋತು. ಋತು ಮುಗಿದಾಗ ಪ್ರೀಮಿಯರ್ ಲೀಗಿನಲ್ಲಿ ಕಡೆಯ ಮೂರು ಸ್ಥಾನಗಳಲ್ಲಿ ಉಳಿದವರು ಕೆಳಗಿಳಿಯಬೇಕು. ಕೆಳಗಿನ ಶ್ರೇಣಿಯಿಂದ ಮೂವರು ಮೇಲೇರುತ್ತಾರೆ. ವೃತ್ತಪತ್ರಿಕೆಗಳು ಇದನ್ನು ‘ಹಿಂಬಡ್ತಿ’ ಎನ್ನುತ್ತವೆ.

ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಕುಳಿತವನನ್ನು ಕೈಹಿಡಿದೆಬ್ಬಿಸಿ ಮುಂದಿನ ಪಂಕ್ತಿಗೆ ಕಳುಹಿಸಿದರೆ ಆಗುವ ಅವಮಾನವನ್ನು ವಾಚಕರು ಊಹಿಸಬಲ್ಲರು. ಇಲ್ಲಿ ಅವಮಾನದ ಜೊತೆಗೆ ಎಲೆಗೆ ಬಡಿಸುವ ಅಡಿಗೆಯೂ ಬೇರೆಯಾಗುತ್ತದೆ. ಟೆಲಿವಿಷನ್ ಪ್ರಸಾರದಿಂದ ಬರುವ ಅಪಾರ ಹಣದ ಬಹುಪಾಲು ಮೇಲಿನ ಪಂಕ್ತಿಯವರಿಗೇ ಸಲ್ಲುತ್ತದೆ. ಇಳಿದುಬಂದವರಿಗೆ ಪೆಟ್ಟು ತಾಳಿಕೊಳ್ಳಲೆಂದು ಕೆಲವು ವರ್ಷ ಒಂದಿಷ್ಟು ಹಣ ಕೊಡುವುದುಂಟು. ಅದನ್ನು ‘ಪ್ಯಾರಾಶೂಟ್ ಹಣ’ವೆಂದೇ ಕರೆಯುತ್ತಾರೆ. ಆದರೆ ಪ್ಯಾರಾಶೂಟಿನಿಂದ ಮೆಲ್ಲನೆ ಇಳಿಯಬಹುದೇ ಹೊರತು ಮೇಲಕ್ಕೆ ಹಾರುವುದು ಸಾಧ್ಯವಿಲ್ಲ. ಆದಾಯ ಕುಸಿದರೂ ಆಟಗಾರರೊಡನೆ ಹಿಂದೆ ಮಾಡಿಕೊಂಡ ಸಂಬಳದ ಕರಾರುಗಳು ಹಾಗೆಯೇ ಕುತ್ತಿಗೆಗೆ ಬೀಳುತ್ತವೆ. ಕರಾರು ತೀರಿಸಲು ಒಳ್ಳೆಯ ಆಟಗಾರರನ್ನು ಮಾರಬೇಕು, ಮಾರಿದರೆ ಸೋಲಬೇಕು, ಸೋತರೆ ಇನ್ನೂ ಕೆಳಗಿಳಿಯಬೇಕು. ಈ ಸುಳಿಯೊಳಗೆ ಸಿಕ್ಕವರು ಹೊರಬರುವುದು ಬಲು ಕಷ್ಟ.

ಧೋತರ ನೇಯ್ದ ಪಟ್ಟಣ

ಬ್ಲ್ಯಾಕ್‌ಬರ್ನಿಗೂ ನಮಗೂ ಇರುವ ನಂಟು ಕೋಳಿಯಿಂದ ಆರಂಭವಾದುದಲ್ಲ, ಬಟ್ಟೆಯಿಂದ ಆರಂಭವಾದದ್ದು. ಹತ್ತಿಯ ಗಿರಣಿಗಳಿಂದಲೇ ಬೆಳೆದ ಊರು ಅದು. ಅಲ್ಲಿಯ ಮಗ್ಗಗಳು ನೇಯುತ್ತಿದ್ದ ಮುಖ್ಯ ಸರಕುಗಳಲ್ಲಿ ಭಾರತದ ಮಾರುಕಟ್ಟೆಗೆಂದು ತಯಾರಾಗುತ್ತಿದ್ದ ಧೋತರವೂ ಒಂದು. ಸ್ವದೇಶಿ ಚಳುವಳಿಯ ದಿನಗಳಲ್ಲಿ ನಮ್ಮವರು ಬೀದಿಯಲ್ಲಿ ಒಟ್ಟಿ ಸುಟ್ಟ ವಿದೇಶೀ ಬಟ್ಟೆಯಲ್ಲಿ ಲ್ಯಾಂಕಷೈರ್ ನೇಕಾರರ ದುಡಿಮೆಯೂ ಇತ್ತು. ೧೯೩೧ರ ಸೆಪ್ಟೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿಯವರು ಬ್ಲ್ಯಾಕ್‌ಬರ್ನಿನ ಮಗ್ಗುಲ ಡಾರ್ವೆನ್ ಪಟ್ಟಣಕ್ಕೂ ಹೋದರು. ತಮ್ಮ ಚಳುವಳಿಯಿಂದ ಕೆಲಸಕ್ಕೆ ಕುತ್ತು ಬಂದವರನ್ನು ತಾವೇ ಹೋಗಿ ಕಂಡು ಮಾತನಾಡಿದರು. ಅಲ್ಲಿಯ ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ನಗುನಗುತ್ತ ನಿಂತಿರುವ ಚಿತ್ರ ಲೋಕಪ್ರಸಿದ್ಧವಾಗಿದೆ.

ಫುಟ್‌ಬಾಲಿನ ಚರಿತ್ರೆಯಲ್ಲಿ ಈ ಊರಿನ ಸ್ಥಾನ ಸಾಮಾನ್ಯವಲ್ಲ. ರೋವರ್ಸ್ ಸಂಘ ಹುಟ್ಟಿದ್ದು ೧೮೭೫ರಲ್ಲಿ. ೧೮೮೩ರಲ್ಲಿ ಅದೇ ಊರಿನ ಇನ್ನೊಂದು ತಂಡ, ಗಿರಣಿಯ ಕೂಲಿಗಾರರೂ ಕಸುಬುದಾರರೂ ಕೂಡಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್, ಈಟನ್ ಶಾಲೆಯ ಶ್ರೀಮಂತ ಹಳೆಯ ವಿದ್ಯಾರ್ಥಿಗಳನ್ನು ಸೋಲಿಸಿ ಎಫ್.ಎ. ಕಪ್ಪನ್ನು ಗೆದ್ದಿತು. ಅಲ್ಲಿಯವರೆಗೆ ಸಿರಿವಂತರ ಆಸ್ತಿಯಾಗಿದ್ದ ಆಟ ಅಂದು ದುಡಿಯುವವರ ಕೈಸೇರಿತು. ಮುಂದಿನ ಮೂರು ವರ್ಷವೂ, ೧೮೮೪, ೧೮೮೫ ಮತ್ತು ೧೮೮೬ರಲ್ಲಿ, ಕಪ್ಪು ರೋವರ್ಸಿನ ಪಾಲಾಯಿತು. ಆದರೆ ಒಲಿಂಪಿಕ್ಕಿನ ಗತಿ ಏನಾಯಿತು? ಆಟಗಾರರಿಗೆ ಸಂಬಳ ಕೊಡುವುದು ೧೮೮೫ರಲ್ಲಿ ನಿಯಮಬದ್ಧವಾದಮೇಲೆ, ಹಣವಂತವಾದ ರೋವರ್ಸಿನೊಡನೆ ಅದು ಪೈಪೋಟಿ ಮಾಡಲಾರದೆ ಹೋಯಿತು. ೧೮೮೯ರಲ್ಲಿ ಬಾಗಿಲು ಮುಚ್ಚಿತು. ಥೈಲಿಯ ಭಾರವೇ ತಂಡದ ಆಯುಸ್ಸನ್ನು ನಿರ್ಣಯಿಸುವುದೆಂಬ ಪಾಠವನ್ನು ಬ್ಲ್ಯಾಕ್‌ಬರ್ನ್ ಅಂದೇ ಕಲಿತಿತ್ತು. ಅಂದು ಆ ಪಾಠದಿಂದ ರೋವರ್ಸಿಗೆ ಲಾಭವಾಯಿತು.

೧೮೮೮ರಲ್ಲಿ ಹನ್ನೆರಡು ತಂಡಗಳು ಸೇರಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದಾಗ ರೋವರ್ಸ್ ಅವುಗಳಲ್ಲೊಂದಾಗಿತ್ತು. ೧೯೧೨ ಮತ್ತು ೧೯೧೪ರಲ್ಲಿ ಲೀಗಿನ ಅಗ್ರಸ್ಥಾನ ಅದರದಾಯಿತು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ತಂಡದ ವೈಭವವೂ ಮಾಸಿತು.

ಊರಿನ ಮಗನ ಥೈಲಿ

ಮಾಸಿದ ಆ ಬಣ್ಣಕ್ಕೆ ಮತ್ತೆ ಮೆರುಗು ಕೊಟ್ಟವನು ಜ್ಯಾಕ್ ವಾಕರ್. ಬ್ಲ್ಯಾಕ್‌ಬರ್ನಿನಲ್ಲೇ ಹುಟ್ಟಿ, ತಂದೆಯ ಸಣ್ಣ ತಗಡಿನ ಕಾರ್ಖಾನೆಯನ್ನು ಸಹೋದರನೊಡನೆ ದೊಡ್ಡ ಉಕ್ಕಿನ ವ್ಯಾಪಾರವಾಗಿ ಬೆಳೆಸಿ, ಕೊನೆಗೆ ಅದನ್ನು ಮೂವತ್ತು ಕೋಟಿ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ಮಾರಿದವನು. ಬಾಲ್ಯದಿಂದ ಬೆಂಬಲಿಸಿದ ತಂಡ ಎರಡನೆಯ ಶ್ರೇಣಿಯಲ್ಲಿ ತೊಳಲುತ್ತಿದ್ದುದನ್ನು ನೋಡಲಾರದೆ ೧೯೯೧ರಲ್ಲಿ ಅದರ ಹೊಣೆ ಹೊತ್ತನು. ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಿಸಿದನು. ಆಟವನ್ನು ಅರೆದು ಕುಡಿದ ಕೆನಿ ಡಾಲ್‌ಗ್ಲೀಷರನ್ನು ಮ್ಯಾನೇಜರಾಗಿ ಕರೆತಂದನು. ಮರುವರ್ಷ ತಂಡ ಮೇಲೇರಿತು. ಅಲನ್ ಷಿಯರರ್ ಬಂದನು. ೫೦ ಲಕ್ಷ ಪೌಂಡುಗಳಿಗೆ ಕ್ರಿಸ್ ಸಟನ್ ಬಂದನು. ೧೯೯೫ರ ಮೇ ೧೪ರಂದು, ಕಡೆಯ ಪಂದ್ಯದಲ್ಲಿ ತಾನು ಸೋತರೂ, ಮ್ಯಾಂಚೆಸ್ಟರ್ ಯುನೈಟೆಡ್ ತಂಡ ತನ್ನ ಪಂದ್ಯವನ್ನು ಗೆಲ್ಲಲಾರದೆ ಹೋದುದರಿಂದ, ಒಂದೇ ಒಂದು ಅಂಕದ ಅಂತರದಲ್ಲಿ ರೋವರ್ಸ್ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸಿನ ಜನಸಂಖ್ಯೆಯ ಪಟ್ಟಣಕ್ಕೆ ಅದು ಪವಾಡವೇ ಸರಿ.

ಆದರೆ ಪವಾಡದ ಬುನಾದಿ ಒಬ್ಬನ ಜೇಬು. ೧೯೯೬ರಲ್ಲಿ ಷಿಯರರ್ ೧ ಕೋಟಿ ೫೦ ಲಕ್ಷ ಪೌಂಡುಗಳಿಗೆ, ಅಂದಿನ ವಿಶ್ವದಾಖಲೆಯ ಬೆಲೆಗೆ, ನ್ಯೂಕ್ಯಾಸಲಿಗೆ ಹೊರಟುಹೋದನು. ೧೯೯೯ರಲ್ಲಿ, ಪಟ್ಟವೇರಿದ ನಾಲ್ಕೇ ವರ್ಷಕ್ಕೆ, ತಂಡ ಕೆಳಗಿಳಿಯಿತು. ವಾಕರನ ಹಣವಿದ್ದೂ ಇಳಿಯಿತೆಂಬುದನ್ನು ಗಮನಿಸಬೇಕು. ೨೦೦೦ದ ಆಗಸ್ಟಿನಲ್ಲಿ ಅವನು ತೀರಿಕೊಂಡನು. ಮತ್ತೆ ಮೇಲೇರಿದ ತಂಡವನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ೨೦೦೧ರಲ್ಲಿ ತಂಡ ಪ್ರೀಮಿಯರ್ ಲೀಗಿಗೆ ಮರಳಿತು. ಮರುವರ್ಷ ಲೀಗ್ ಕಪ್ಪನ್ನೂ ಗೆದ್ದಿತು. ವಾಕರ್ ಮನೆತನದ ಟ್ರಸ್ಟು ಕೆಲಕಾಲ ನೆರವಾಗಿ, ಕಡೆಗೆ ಈ ಭಾರವನ್ನು ಹೊರುವವರು ಬೇರೆ ಯಾರಾದರೂ ಸಿಕ್ಕುವರೇ ಎಂದು ಹುಡುಕತೊಡಗಿತು.

ಪುಣೆಯಿಂದ ಬಂದವರು

ಸಿಕ್ಕಿದವರು ಪುಣೆಯ ರಾವ್ ಮನೆತನದವರು. ಅವರ ತಂದೆ ಬಿ. ವಿ. ರಾಯರು ೧೯೭೧ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಸಂಸ್ಥೆಯನ್ನು ಸ್ಥಾಪಿಸಿ, ಹಿತ್ತಿಲ ಕಸುಬಾಗಿದ್ದ ಕೋಳಿ ಸಾಕಣೆಯನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದವರು. ಮೊಟ್ಟೆಯ ಬೆಲೆ ರೈತನ ಕೈತಪ್ಪದಿರಲೆಂದು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿದವರಲ್ಲಿ ಮೊದಲಿಗರು. ಅವರ ಮಕ್ಕಳು ೨೦೧೦ರ ನವೆಂಬರಿನಲ್ಲಿ ೨ ಕೋಟಿ ೩೦ ಲಕ್ಷ ಪೌಂಡುಗಳಿಗೆ ರೋವರ್ಸನ್ನು ಕೊಂಡು, ಅದರ ಸಾಲವನ್ನೂ ವಹಿಸಿಕೊಂಡರು. ಪ್ರೀಮಿಯರ್ ಲೀಗಿನ ತಂಡವೊಂದು ಭಾರತೀಯ ಸಂಸ್ಥೆಯ ಒಡೆತನಕ್ಕೆ ಬಂದುದು ಅದೇ ಮೊದಲು. ಒಂದು ಕಾಲಕ್ಕೆ ನಮಗೆ ಧೋತರ ಮಾರಿದ ಊರಿನ ತಂಡವನ್ನು ನಮ್ಮವರು ಕೊಂಡರೆಂದು ಇಲ್ಲಿ ಹಿಗ್ಗಿದವರೂ ಇದ್ದರು.

ಹಿಗ್ಗು ಬಹುಕಾಲ ಉಳಿಯಲಿಲ್ಲ. ಒಂದು ತಿಂಗಳೂ ತುಂಬುವ ಮೊದಲೇ ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸರನ್ನು ತೆಗೆದುಹಾಕಿದರು. ಆಗ ತಂಡ ಹದಿಮೂರನೆಯ ಸ್ಥಾನದಲ್ಲಿ ನೆಮ್ಮದಿಯಾಗಿಯೇ ಇತ್ತು. ಅವರ ಜಾಗಕ್ಕೆ ಬಂದ ಸ್ಟೀವ್ ಕೀನರು ತರಬೇತುದಾರರಾಗಿ ನುರಿತವರಾದರೂ, ಪೂರ್ಣಾವಧಿ ಮ್ಯಾನೇಜರಾಗಿ ತಂಡ ನಡೆಸಿದವರಲ್ಲ. ಆ ಋತುವಿನ ಕಡೆಯ ದಿನ ವುಲ್ವ್ಸ್ ತಂಡವನ್ನು ೩-೨ರಿಂದ ಗೆದ್ದು ರೋವರ್ಸ್ ಹೇಗೋ ತಲೆ ಉಳಿಸಿಕೊಂಡಿತು. ಆಟಗಾರರು ಪಂದ್ಯಕ್ಕೆ ಮುನ್ನ ಕೋಳಿಯ ತಿನಿಸು ತಿನ್ನುತ್ತಿರುವಂತೆ ತೋರಿಸುವ ಜಾಹೀರಾತೂ ಅದೇ ವರ್ಷ ಹೊರಬಂದಿತು. ಗೆಲ್ಲುತ್ತಿದ್ದ ತಂಡವಾಗಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಸೋಲುತ್ತಿದ್ದ ತಂಡವಾದುದರಿಂದ ಕೆರಳಿದರು.

ಗೋಡೆ ಮಾರಿದ ಮನೆ

೨೦೧೧-೧೨ರ ತಂಡದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಆ ವರ್ಷ ರೋವರ್ಸ್ ಹೊಡೆದ ಗೋಲುಗಳು ೪೮. ಅದೇ ವರ್ಷ ಕೇವಲ ೩೬ ಗೋಲು ಹೊಡೆದ ಸ್ಟೋಕ್ ತಂಡವೂ, ೩೭ ಹೊಡೆದ ಆಸ್ಟನ್ ವಿಲ್ಲ ತಂಡವೂ ಮೇಲಿನ ಶ್ರೇಣಿಯಲ್ಲಿ ಉಳಿದುಕೊಂಡವು. ಹಾಗಾದರೆ ರೋವರ್ಸ್ ಇಳಿದುದೇಕೆ? ಅದು ಬಿಟ್ಟುಕೊಟ್ಟ ಗೋಲುಗಳು ೭೮.

ಕಾರಣ ದೂರ ಹುಡುಕಬೇಕಾಗಿಲ್ಲ. ೨೦೧೧ರ ಬೇಸಗೆಯಲ್ಲಿ, ಊರಿನ ತರಬೇತಿ ಶಾಲೆಯಲ್ಲೇ ಬೆಳೆದ ರಕ್ಷಕ ಫಿಲ್ ಜೋನ್ಸನನ್ನು ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಒಂದೂವರೆ ಕೋಟಿ ಪೌಂಡಿಗೂ ಮಿಕ್ಕ ಬೆಲೆಗೆ ಮಾರಲಾಯಿತು. ಋತುವಿನ ನಡುವೆ, ೨೦೧೨ರ ಆರಂಭದಲ್ಲಿ, ಹಿರಿಯ ರಕ್ಷಕ ರಯನ್ ನೆಲ್ಸನ್ ತಂಡ ಬಿಟ್ಟನು. ಬೆನ್ನಹಿಂದೆಯೇ ಬಲಿಷ್ಠ ರಕ್ಷಕ ಕ್ರಿಸ್ಟಫರ್ ಸಾಂಬ ರಷ್ಯದ ಆಂಜಿ ತಂಡಕ್ಕೆ ಹೋದನು. ಮುಂಚೂಣಿಯಲ್ಲಿ ನೈಜೀರಿಯದ ಯಾಕುಬು ಒಬ್ಬನೇ ೧೭ ಗೋಲು ಹೊಡೆದನು. ೨೦೧೧ರ ಡಿಸೆಂಬರ್ ೩೧ರಂದು ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಅದರ ಅಂಗಳದಲ್ಲೇ ೩-೨ರಿಂದ ಸೋಲಿಸುವಷ್ಟು ಕೆಚ್ಚು ಈ ತಂಡದಲ್ಲಿತ್ತು. ಆದರೆ ಗೋಡೆಗಳನ್ನು ಮಾರಿ ಬಾಗಿಲಿಗೆ ತೋರಣ ಕಟ್ಟಿದ ಮನೆ ಮಳೆಗಾಲವನ್ನು ತಡೆಯುವುದೆಂತು? ೩೧ ಅಂಕಗಳೊಡನೆ ಹತ್ತೊಂಬತ್ತನೆಯ ಸ್ಥಾನದಲ್ಲಿ ಉಳಿದು ಅದು ಕೆಳಗಿಳಿಯಿತು.

ಇನ್ನೊಂದು ಮೆಟ್ಟಿಲು

ಒಡೆಯರು ಕೈಕಟ್ಟಿ ಕೂರಲಿಲ್ಲ. ಒಂದೇ ಜಿಗಿತಕ್ಕೆ ಮೇಲೇರಬೇಕೆಂದು ೨೦೧೨ರ ಆಗಸ್ಟಿನಲ್ಲಿ ಜೋರ್ಡನ್ ರೋಡ್ಸ್ ಎಂಬ ಗೋಲುಗಾರನಿಗೆ ೮೦ ಲಕ್ಷ ಪೌಂಡು ಸುರಿದರು. ಅವನು ಮೋಸ ಮಾಡಲಿಲ್ಲ. ಮುಂದಿನ ಮೂರೂವರೆ ವರ್ಷಗಳಲ್ಲಿ ಎಂಬತ್ತಕ್ಕೂ ಹೆಚ್ಚು ಗೋಲು ಹೊಡೆದನು. ಆದರೆ ಅವನನ್ನು ಆಡಿಸಬೇಕಾದವರು ನಿಲ್ಲಲಿಲ್ಲ. ಆ ಒಂದೇ ಋತುವಿನಲ್ಲಿ ಕೀನರು ಹೋದರು. ಹೆನಿಂಗ್ ಬೆರ್ಗರು ಬಂದು ೫೭ ದಿನ ಇದ್ದರು. ಮೈಕೇಲ್ ಆಪಲ್ಟನ್ನರು ೬೭ ದಿನ ಇದ್ದರು. ಹೊಸ ಅಡಿಗೆಯವನು ಒಲೆ ಹೊತ್ತಿಸುವ ಮೊದಲೇ ಅವನನ್ನು ಬಿಡಿಸುತ್ತ ಹೋದರೆ ದಿನಸಿ ಎಷ್ಟಿದ್ದರೇನು?

ಖರ್ಚು ಆದಾಯವನ್ನು ಮೀರಿತು. ಎರಡನೆಯ ಶ್ರೇಣಿಯ ತಂಡಗಳು ವರ್ಷಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ನಷ್ಟ ಮಾಡಿಕೊಳ್ಳಬಾರದೆಂಬ ನಿಯಮ ಆ ವೇಳೆಗೆ ಜಾರಿಗೆ ಬಂದಿತ್ತು. ೨೦೧೩-೧೪ರ ನಷ್ಟ ಆ ಮಿತಿಯನ್ನು ದಾಟಿದುದರಿಂದ ೨೦೧೪ರ ಡಿಸೆಂಬರಿನಲ್ಲಿ ಹೊಸ ಆಟಗಾರರನ್ನು ಕೊಳ್ಳುವುದಕ್ಕೆ ನಿರ್ಬಂಧ ಬಿತ್ತು. ಒಡೆಯನು ಕೊಡುತ್ತೇನೆಂದರೂ ಸಂಘ ಖರ್ಚು ಮಾಡುವಂತಿಲ್ಲ! ವಾಕರನ ಕಾಲದ ಉಪಾಯಕ್ಕೆ ಬಾಗಿಲು ಮುಚ್ಚಿತ್ತು. ೨೦೧೬ರಲ್ಲಿ ರೋಡ್ಸನನ್ನೂ ಮಾರಬೇಕಾಯಿತು.

೨೦೧೭ರ ಮೇ ೭. ಮೊದಲ ಕುಸಿತಕ್ಕೆ ಸರಿಯಾಗಿ ಐದು ವರ್ಷ ತುಂಬಿದ ದಿನ. ರೋವರ್ಸ್ ಬ್ರೆಂಟ್‌ಫರ್ಡಿಗೆ ಹೋಗಿ ೩-೧ರಿಂದ ಗೆದ್ದಿತು. ಆದರೆ ಅತ್ತ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವೂ ೩-೦ಯಿಂದ ಗೆದ್ದಿತು. ಇಬ್ಬರಿಗೂ ೫೧ ಅಂಕಗಳು. ಹೊಡೆದ ಗೋಲು, ಬಿಟ್ಟ ಗೋಲುಗಳ ವ್ಯತ್ಯಾಸವನ್ನು ಎಣಿಸಿದಾಗ ರೋವರ್ಸ್ ಹಿಂದೆ ಬಿದ್ದು ಮೂರನೆಯ ಶ್ರೇಣಿಗೆ ಇಳಿಯಿತು. ಪ್ರೀಮಿಯರ್ ಲೀಗನ್ನು ಗೆದ್ದ ತಂಡವೊಂದು ಅಷ್ಟು ಕೆಳಗೆ ಇಳಿದುದು ಅದೇ ಮೊದಲು. ಟೋನಿ ಮೋಬ್ರೆ ಎಂಬ ಮ್ಯಾನೇಜರು ಆಗಷ್ಟೇ ಬಂದಿದ್ದರು. ಈ ಸಲ ಒಡೆಯರು ದುಡುಕಲಿಲ್ಲ, ಅವರನ್ನೇ ಉಳಿಸಿಕೊಂಡರು. ೨೦೧೮ರಲ್ಲಿ ತಂಡ ಎರಡನೆಯ ಶ್ರೇಣಿಗೆ ಮರಳಿ ಏರಿತು. ತಾಳ್ಮೆಗೂ ಫಲವುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಊರಿನ ಹುಡುಗನ ಬೆಲೆ

ಮತ್ತೊಂದು ಗಂಡಾಂತರ ಎದುರಾದುದು ೨೦೨೩-೨೪ರಲ್ಲಿ. ಸಂಸ್ಥೆಯ ವಿದೇಶೀ ಹಣ ವರ್ಗಾವಣೆಯನ್ನು ಕುರಿತ ಸರ್ಕಾರೀ ವಿಚಾರಣೆಯ ದೆಸೆಯಿಂದ, ಭಾರತದಿಂದ ತಂಡಕ್ಕೆ ಹಣ ಕಳುಹಿಸಬೇಕಾದರೆ ದೆಹಲಿಯ ಉಚ್ಚ ನ್ಯಾಯಾಲಯದ ಅನುಮತಿ ಬೇಕಾಯಿತು; ಜೊತೆಗೆ ಬ್ಯಾಂಕಿನ ಖಾತರಿಯನ್ನೂ ಒದಗಿಸಬೇಕಾಯಿತು. ಆಟಗಾರರ ಸಂಬಳದ ಹಣ ದೆಹಲಿಯ ನ್ಯಾಯಪೀಠದ ಮುಂದಿನ ಅರ್ಜಿಯಾಗಿ ಕಾಯುವ ಕಾಲ ಬಂದಿತು.

ಹಣ ಬಾರದಿದ್ದಾಗ ಮನೆಯ ಚಿನ್ನವನ್ನೇ ಒತ್ತೆಯಿಡಬೇಕಷ್ಟೆ. ಆಡಂ ವಾರ್ಟನ್ ಬ್ಲ್ಯಾಕ್‌ಬರ್ನಿನಲ್ಲೇ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಸಂಘದ ತರಬೇತಿ ಶಾಲೆಗೆ ಸೇರಿದ ಹುಡುಗ. ಹತ್ತೊಂಬತ್ತು ವರ್ಷದ ಅವನನ್ನು ೨೦೨೪ರ ಫೆಬ್ರವರಿ ಮೊದಲ ದಿನ ೧ ಕೋಟಿ ೮೦ ಲಕ್ಷ ಪೌಂಡುಗಳಿಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ತಂಡಕ್ಕೆ ಮಾರಲಾಯಿತು. ಒಡೆಯರು ಇಡೀ ಸಂಘವನ್ನು ಕೊಂಡಾಗ ಕೊಟ್ಟ ಬೆಲೆಗೆ ಇದು ಬಹಳ ಕಡಿಮೆಯೇನಲ್ಲ. ನಾಲ್ಕೇ ತಿಂಗಳಲ್ಲಿ ಅವನು ಇಂಗ್ಲೆಂಡಿನ ರಾಷ್ಟ್ರತಂಡದಲ್ಲಿ ಆಡಿದನು. ೨೦೨೫ರಲ್ಲಿ ಪ್ಯಾಲೆಸ್ ಎಫ್.ಎ. ಕಪ್ಪನ್ನು ಗೆದ್ದಾಗಲೂ ಅಂಗಳದಲ್ಲಿದ್ದನು.

ಇತ್ತ ರೋವರ್ಸಿನ ಗತಿ ಋತುವಿನ ಕಡೆಯ ದಿನದವರೆಗೂ ತೂಗಾಡಿತು. ೨೦೨೪ರ ಮೇ ೪ರಂದು, ಅದಾಗಲೇ ಆ ಶ್ರೇಣಿಯ ಚಾಂಪಿಯನ್ ಆಗಿದ್ದ ಲೆಸ್ಟರ್ ತಂಡವನ್ನು ಅದರ ಮನೆಯಲ್ಲೇ ೨-೦ಯಿಂದ ಸೋಲಿಸಿ, ೫೩ ಅಂಕಗಳೊಡನೆ ಅದು ಉಳಿದುಕೊಂಡಿತು. ಆ ವರ್ಷ ಶ್ರೇಣಿಯಲ್ಲೆಲ್ಲ ಅತಿ ಹೆಚ್ಚು, ೨೭ ಗೋಲು ಹೊಡೆದ ಸ್ಯಾಮಿ ಸ್ಮೋಡಿಕ್ಸನೇ ತಂಡವನ್ನು ದಡ ಸೇರಿಸಿದವನು. ಆಗಸ್ಟಿನಲ್ಲಿ ಅವನನ್ನೂ ಇಪ್ಸ್‌ವಿಚ್ಚಿಗೆ ಮಾರಿದರು! ಹೀಗಿದ್ದೂ ೨೦೨೪-೨೫ರಲ್ಲಿ ತಂಡ ಏಳನೆಯ ಸ್ಥಾನ ಗಳಿಸಿತು. ಮೇಲೇರುವ ಸ್ಪರ್ಧೆಗೆ ಎರಡೇ ಅಂಕ ಸಾಲದೆ ಹೋದವು. ಆ ಎರಡು ಅಂಕಗಳನ್ನು ಮಾರಿಬಿಟ್ಟ ಹುಡುಗರು ತಂದುಕೊಡುತ್ತಿದ್ದರೇ ಎಂದು ಊರಿನವರು ಕೇಳಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಹಾಸು ಮತ್ತು ಹೊಕ್ಕು

ತಪ್ಪೆಲ್ಲ ಪುಣೆಯವರದೇ? ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. ಅಭಿಮಾನಿಗಳ ಬೈಗುಳ ತಿಂದರೂ, ವರ್ಷವರ್ಷವೂ ನಷ್ಟವನ್ನು ತುಂಬುತ್ತ, ಆ ಒಡೆಯರು ಹದಿನೈದು ವರ್ಷ ಬಾಗಿಲು ಮುಚ್ಚದೆ ಸಂಘವನ್ನು ನಡೆಸಿದರು. ಅದೇ ಸೀಮೆಯ ಬರಿ ಎಂಬ ಊರಿನ ತಂಡ ೧೮೮೫ರಲ್ಲಿ ಹುಟ್ಟಿದ್ದು. ಹಣದ ಮುಗ್ಗಟ್ಟಿನಿಂದ ೨೦೧೯ರ ಆಗಸ್ಟಿನಲ್ಲಿ ಲೀಗಿನಿಂದಲೇ ಹೊರದೂಡಲ್ಪಟ್ಟಿತು. ರೋವರ್ಸಿಗೆ ಆ ಗತಿ ಬರಲಿಲ್ಲ. ಮೇಲಿನಿಂದ ಇಳಿದ ತಂಡ ಮರಳಿ ಏರಬಹುದು. ಸತ್ತ ತಂಡ ಏರಲಾರದು.

ಆದರೂ ಜನರ ಕೊರಗು ಸುಳ್ಳಲ್ಲ. ವಾಕರನೂ ಹಣ ಸುರಿದನು, ಪುಣೆಯವರೂ ಸುರಿದರು. ವಾಕರನು ಆಟ ಬಲ್ಲವರನ್ನು ಹುಡುಕಿ ಅಧಿಕಾರ ಕೊಟ್ಟನು. ಊರಿನ ಮಾತು ಅವನ ಕಿವಿಗೆ ಬೀಳುತ್ತಿತ್ತು. ಇವರು ಕೊಂಡ ತಿಂಗಳೊಳಗೇ ಆಟ ಬಲ್ಲವನನ್ನು ಕಳುಹಿಸಿದರು. ಊರಿನ ಮಾತು ಪುಣೆಯವರೆಗೆ ತಲುಪಲು ಕೋಳಿಯೊಂದು ಅಂಗಳಕ್ಕೆ ಇಳಿಯಬೇಕಾಯಿತು. ನೇಯ್ಗೆಯವರ ಮಾತಿನಲ್ಲಿ ಹೇಳುವುದಾದರೆ ಹಣವೆಂಬುದು ಹಾಸು ಮಾತ್ರ. ಆಟದ ತಿಳಿವಳಿಕೆ, ತಾಳ್ಮೆ, ಊರಿನ ವಿಶ್ವಾಸ ಇವು ಹೊಕ್ಕು. ಎರಡೂ ಕೂಡದೆ ಬಟ್ಟೆಯಾಗುವುದಿಲ್ಲ.

ಒಬ್ಬನ ಕೃಪೆಯಿಂದ ಬೆಳೆದ ಯಾವ ಸಂಸ್ಥೆಗೂ, ಅದು ಆಟದ ಸಂಘವಿರಲಿ, ಶಾಲೆಯಿರಲಿ, ನಾಟಕದ ಕಂಪನಿಯಿರಲಿ, ಈ ಭಯ ತಪ್ಪಿದ್ದಲ್ಲ. ಕೊಡುವ ಕೈ ತೀರಿಕೊಳ್ಳಬಹುದು, ದಣಿಯಬಹುದು, ಕಾನೂನಿನ ಕಟ್ಟಿಗೆ ಸಿಕ್ಕಬಹುದು. ಆ ದಿನ ಸಂಸ್ಥೆಯನ್ನು ಹಿಡಿದು ನಿಲ್ಲಿಸುವುದು ಅದರೊಳಗೇ ಬೆಳೆದ ಶಕ್ತಿ; ವಾರ್ಟನ್ನನಂಥ ಹುಡುಗರನ್ನು ಬೆಳೆಸುವ ತರಬೇತಿ ಶಾಲೆ, ಮಳೆಯಲ್ಲಿ ನೆನೆದುಕೊಂಡಾದರೂ ಬಂದು ಕೂಗುವ ಜನ. ರೋವರ್ಸಿನ ಲಾಂಛನದಲ್ಲಿ ಲ್ಯಾಟಿನ್ ಭಾಷೆಯ ಧ್ಯೇಯವಾಕ್ಯವೊಂದಿದೆ: ‘ಕೌಶಲದಿಂದ, ದುಡಿಮೆಯಿಂದ’ ಎಂದು ಅದರ ಅರ್ಥ. ೨೦೨೫ರಲ್ಲಿ ನೂರೈವತ್ತು ವರ್ಷ ತುಂಬಿದ ಆ ಸಂಘದ ಹಿರಿಯರು ಧ್ಯೇಯವಾಕ್ಯದಲ್ಲಿ ಹಣದ ಹೆಸರನ್ನು ಸೇರಿಸಿರಲಿಲ್ಲ.